ಬಾಣಂತಿಯ ಮೊದಲ ಆರು ವಾರ: ಓದುಗರ ಪ್ರಶ್ನೆ, ವೈದ್ಯೆಯ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಹೆರಿಗೆಯಾದ ಮೇಲಿನ ದಿನಗಳನ್ನು ಕುರಿತವು. ಒಂಬತ್ತು ತಿಂಗಳೂ ತಪ್ಪದೆ ಗರ್ಭಿಣಿಯನ್ನು ತಪಾಸಣೆಗೆ ಕರೆತಂದ ಮನೆಯವರೇ, ಕೂಸು ಕೈಗೆ ಬಂದ ಮರುಗಳಿಗೆಯಿಂದ ಹೆತ್ತವಳನ್ನು ಮರೆತು ತೊಟ್ಟಿಲ ಸುತ್ತ ನಿಲ್ಲುವುದನ್ನು ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದ ಅಷ್ಟೂ ವರ್ಷ ನೋಡಿದ್ದೇನೆ. ಆದ್ದರಿಂದ ಈ ಸಂಚಿಕೆಯನ್ನು ಪೂರ್ತಿಯಾಗಿ ಬಾಣಂತಿಗೇ ಮೀಸಲಿಟ್ಟು, ಮೈಸೂರು ಮತ್ತು ಮಂಡ್ಯ ಜಿಲ್ಲೆಗಳಿಂದ ಬಂದ ಐದು ಪತ್ರಗಳಿಗೆ ಉತ್ತರಿಸಿದ್ದೇನೆ. ಬರೆದವರ ಹೆಸರುಗಳನ್ನು ಕೊಟ್ಟಿಲ್ಲ.

ಪ್ರಶ್ನೆ: ನಾನೂ ನನ್ನ ಹೆಂಡತಿಯೂ ಉದ್ಯೋಗದಲ್ಲಿದ್ದೇವೆ. ಮುಂದಿನ ತಿಂಗಳು ಹೆರಿಗೆ. ನಮ್ಮ ಅತ್ತೆ ತೀರಿಕೊಂಡಿದ್ದಾರೆ, ನನ್ನ ತಾಯಿಗೆ ವಿಪರೀತ ಮಂಡಿನೋವು. ಹೀಗಾಗಿ ಬಾಣಂತನ ನಮ್ಮ ಮನೆಯಲ್ಲೇ, ಬಹುಪಾಲು ನನ್ನ ಕೈಯಲ್ಲೇ ನಡೆಯಬೇಕು. ಗೆಳೆಯರು ಕೊಟ್ಟ ಪಟ್ಟಿಯಲ್ಲಿ ಹಾಲು ತೆಗೆಯುವ ವಿದ್ಯುತ್ ಪಂಪು, ಹೊಟ್ಟೆಗೆ ಬಿಗಿಯುವ ಬೆಲ್ಟು, ಹಾಲುಣಿಸುವ ದಿಂಬು, ಬಾಟಲಿ ಕಾಯಿಸುವ ಯಂತ್ರ, ಕ್ರೀಮುಗಳು ಎಲ್ಲ ಇದ್ದು ಒಟ್ಟು ಮೂವತ್ತು ಸಾವಿರ ದಾಟುತ್ತದೆ. ಇವುಗಳಲ್ಲಿ ನಿಜಕ್ಕೂ ಬೇಕಾದವು ಯಾವುವು? (ಕುವೆಂಪುನಗರ, ಮೈಸೂರು)

ಉತ್ತರ: ಪಟ್ಟಿಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, ಹೆತ್ತ ಮೈಯಲ್ಲಿ ಏನು ನಡೆಯುತ್ತಿರುತ್ತದೆ ಎಂಬುದನ್ನು ತಿಳಿದುಕೊಳ್ಳಿ, ಏನು ಕೊಳ್ಳಬೇಕೆಂಬುದು ಅದರಿಂದಲೇ ಹೊಳೆಯುತ್ತದೆ. ಗರ್ಭಕೋಶ ಮೊದಲಿನ ಗಾತ್ರಕ್ಕೆ ಮರಳಲು ಸುಮಾರು 6 ವಾರ ಹಿಡಿಯುತ್ತದೆ. ಅದರೊಳಗಿನ ಗಾಯ ಮಾಯುವವರೆಗೂ, ಅಂದರೆ 4ರಿಂದ 6 ವಾರದವರೆಗೆ, ಸ್ರಾವವಿರುತ್ತದೆ. ಅದು ಮೊದಲ ಕೆಲವು ದಿನ ಕೆಂಪಾಗಿ ಹೆಚ್ಚಾಗಿಯೂ, ಬಳಿಕ ಕಂದಾಗಿಯೂ, ಕಡೆಗೆ ಬಿಳಿ ಮಿಶ್ರಿತ ಹಳದಿಯಾಗಿಯೂ ಇಳಿಯುತ್ತ ಬರುತ್ತದೆ. ಹಾಗಾಗಿ ಮೊದಲು ಕೊಳ್ಳಬೇಕಾದದ್ದು ಉದ್ದನೆಯ, ದಪ್ಪನೆಯ ಹೆರಿಗೆ ಪ್ಯಾಡುಗಳನ್ನು. 4 ಗಂಟೆಗೊಮ್ಮೆಯಾದರೂ ಬದಲಿಸಬೇಕಾಗುವುದರಿಂದ ನಾಲ್ಕೈದು ಪೊಟ್ಟಣ ತಂದಿಡಿ. ಮುಟ್ಟಿನ ಬಟ್ಟಲನ್ನೂ ಟ್ಯಾಂಪನನ್ನೂ 6 ವಾರ ಮುಟ್ಟಬಾರದು.

ಸಹಜ ಹೆರಿಗೆಯಾಗಿ ಕೆಳಗೆ ಹೊಲಿಗೆ ಬಿದ್ದಿದ್ದರೆ ಮೂತ್ರ ಹೋಗುವಾಗ ಉರಿ ತಡೆಯಲಾಗದು. ಹಿಂಡಿದರೆ ನೀರು ಚಿಮ್ಮುವ, ಮೂತಿ ಸಣ್ಣದಾದ ಸಾಧಾರಣ ಪ್ಲಾಸ್ಟಿಕ್ ಬಾಟಲಿಯಲ್ಲಿ ಉಗುರುಬೆಚ್ಚಗಿನ ನೀರು ತುಂಬಿ, ಮೂತ್ರ ಹೋಗುತ್ತಿರುವಾಗಲೇ ಸುರಿದುಕೊಂಡರೆ ಆ ಉರಿ ಅರ್ಧಕ್ಕರ್ಧ ಇಳಿಯುತ್ತದೆ. ನಿಮ್ಮ ಪಟ್ಟಿಯಲ್ಲಿರುವ ಎಲ್ಲ ಯಂತ್ರಗಳಿಗಿಂತ ಈ ಬಾಟಲಿಯನ್ನು ಬಾಣಂತಿಯರು ಹೆಚ್ಚು ನೆನೆಯುತ್ತಾರೆ. ಮೊದಲ 24 ಗಂಟೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ನಿಮಿಷ ಒತ್ತಿ ಹಿಡಿದರೆ ಊತ ತಗ್ಗುತ್ತದೆ. ಆಮೇಲಿನ ದಿನಗಳಲ್ಲಿ ಅಗಲವಾದ ಟಬ್ಬಿನಲ್ಲಿ ಬೆಚ್ಚಗಿನ ನೀರು ಹಾಕಿ 10ರಿಂದ 15 ನಿಮಿಷ ಕೂರುವುದು ಹಿತ. ಇವಲ್ಲದೆ ಮುಂದೆ ಗುಂಡಿಯಿರುವ ಸಡಿಲವಾದ ಹತ್ತಿಯ ನೈಟಿಗಳು, ಹಾಲುಣಿಸಲು ಅನುಕೂಲವಾದ ಒಳ ಉಡುಪು, ಒಂದು ಥರ್ಮಾಮೀಟರು, ಮಗುವಿಗೆ ಒಗೆದು ಬಿಸಿಲಿನಲ್ಲಿ ಒಣಗಿಸಿದ ಹಳೆಯ ಪಂಚೆಯ ತುಂಡುಗಳು, ಇಷ್ಟಿದ್ದರೆ ಮೊದಲ ವಾರ ಕಳೆಯುತ್ತದೆ.

ವೈದ್ಯರು ಬರೆದುಕೊಟ್ಟ ಕಬ್ಬಿಣಾಂಶದ ಮಾತ್ರೆಯನ್ನು ಹೆರಿಗೆಯ ನಂತರವೂ 180 ದಿನ, ಕ್ಯಾಲ್ಸಿಯಂ ಮಾತ್ರೆಯನ್ನು 6 ತಿಂಗಳು ಮುಂದುವರಿಸಬೇಕು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇವೆರಡೂ ಉಚಿತ. ಎರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲವಾದ್ದರಿಂದ ಹೊತ್ತು ಬೇರೆ ಮಾಡಿ ಕೊಡಿ.

ಪಂಪನ್ನು ಈಗ ಕೊಳ್ಳಬೇಡಿ. ಮಗು ಅವಧಿಗೆ ಮುನ್ನ ಹುಟ್ಟಿ ಬೇರೆ ಘಟಕದಲ್ಲಿ ಇರಬೇಕಾಗಿ ಬಂದರೆ, ಅಥವಾ ನಿಮ್ಮವರು ಕೆಲಸಕ್ಕೆ ಮರಳುವ ಕಾಲಕ್ಕೆ ಅದು ನೆರವಿಗೆ ಬರುತ್ತದೆ, ಆಗ ತಂದರಾಯಿತು. ಬಾಟಲಿ ಕಾಯಿಸುವ ಯಂತ್ರದ ಅಗತ್ಯವೇ ಇಲ್ಲ. ದಿಂಬಿಗೆ ಮನೆಯ ದಿಂಬುಗಳೇ ಸಾಕು. ಬೆಲ್ಟಿನ ವಿಷಯ ಮುಂದಿನ ಪತ್ರಕ್ಕೆ ಕೊಟ್ಟ ಉತ್ತರದಲ್ಲಿದೆ.

ಉಳಿದ ಹಣವನ್ನು ಎಲ್ಲಿ ಹಾಕಬೇಕೆಂದು ನನ್ನನ್ನು ಕೇಳಿದರೆ, ಕೈಯಾಳಿಗೆ ಹಾಕಿ ಎನ್ನುತ್ತೇನೆ. ಅಡುಗೆಗೂ ಬಟ್ಟೆಗೂ ಎರಡು ತಿಂಗಳ ಮಟ್ಟಿಗೆ ಒಬ್ಬರನ್ನು ಗೊತ್ತು ಮಾಡಿಕೊಳ್ಳಿ. ನಿಮ್ಮ ಬಡಾವಣೆಗಳಲ್ಲಿ ಬಾಣಂತಿಗೂ ಮಗುವಿಗೂ ಎಣ್ಣೆ ಹಚ್ಚಿ ನೀರೆರೆಯುವ ಅನುಭವಿ ಹೆಂಗಸರು ಇದ್ದಾರೆ. ಅವರನ್ನು ಕರೆಯುವುದಾದರೆ ಮೊದಲ ದಿನವೇ ಕೆಲವು ಮಾತುಗಳನ್ನು ವಿನಯದಿಂದ, ಆದರೆ ಖಚಿತವಾಗಿ ಹೇಳಿ. ಸೋಪು ಹಚ್ಚಿ ಕೈ ತೊಳೆಯದೆ ಮಗುವನ್ನು ಮುಟ್ಟಬಾರದು, ಮೂಗಿಗೆ ಕಿವಿಗೆ ಎಣ್ಣೆ ಬಿಡಬಾರದು, ಹೊಕ್ಕುಳಿಗೆ ಏನನ್ನೂ ಹಚ್ಚಬಾರದು, ಬಾಯಿಗೆ ಜೇನುತುಪ್ಪ ನೆಕ್ಕಿಸಬಾರದು.

ನೀವೇ ಮಾಡಬೇಕಾದ ಕೆಲಸವೂ ಇದೆ. ಹಾಲುಣಿಸುವುದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಗಂಡಸು ಮಾಡಬಲ್ಲ. ರಾತ್ರಿ ಮಗು ಎದ್ದಾಗ ನೀವು ಎದ್ದು, ಬಟ್ಟೆ ಬದಲಿಸಿ, ಮಲಗಿದಲ್ಲಿಗೇ ಮಗುವನ್ನು ತಂದುಕೊಟ್ಟು, ಕುಡಿದಾದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರಿಸಿ ಮಲಗಿಸಿದರೆ, ಆಕೆಗೆ ಪ್ರತಿ ಸಲವೂ ಮುಕ್ಕಾಲು ಗಂಟೆಯ ನಿದ್ದೆ ಉಳಿಯುತ್ತದೆ. ಖಾಸಗಿ ಉದ್ಯೋಗದಲ್ಲಿ ತಂದೆಗೆ ರಜೆ ಕೊಡಲೇಬೇಕೆಂಬ ಕಾನೂನು ನಮ್ಮಲ್ಲಿಲ್ಲ. ಇರುವ ರಜೆಯನ್ನು ನಾಮಕರಣಕ್ಕೆಂದು ಉಳಿಸಿಕೊಳ್ಳದೆ ಮೊದಲ ಎರಡು ವಾರಕ್ಕೆ ಬಳಸಿ. ನೋಡಲು ಬರುವ ನೆಂಟರನ್ನು ಬಾಗಿಲಲ್ಲೇ ಮಾತನಾಡಿಸಿ ಕಳುಹಿಸುವ ಜವಾಬ್ದಾರಿಯೂ ನಿಮ್ಮದೇ. ಹೊಲಿಗೆ ನೋವಿನ ಹೆಂಗಸು ಎದ್ದು ಕುಳಿತು ಉಪಚರಿಸುವಂತೆ ಆಗಬಾರದು.

ಇನ್ನು ಈ ಲಕ್ಷಣಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಗಂಟೆಗೊಂದು ಪ್ಯಾಡು ಪೂರ್ತಿ ತೊಯ್ಯುವಷ್ಟು ಸ್ರಾವ, ದೊಡ್ಡ ಹೆಪ್ಪುಗಳು, ಸ್ರಾವಕ್ಕೆ ಕೆಟ್ಟ ವಾಸನೆ, 100.4 ಡಿಗ್ರಿ ಫ್ಯಾರನ್‌ಹೀಟ್ ಮೀರಿದ ಜ್ವರ, ತಡೆಯಲಾಗದ ತಲೆನೋವು ಅಥವಾ ಕಣ್ಣು ಮಂಜಾಗುವುದು, ಒಂದೇ ಕಾಲಿನ ಮೀನಖಂಡದಲ್ಲಿ ಊತ ಮತ್ತು ನೋವು, ಉಸಿರಾಟದ ತೊಂದರೆ, ಫಿಟ್ಸ್, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಗರ್ಭಿಣಿಯಾಗಿದ್ದಾಗ ರಕ್ತದೊತ್ತಡ ಸರಿಯಿತ್ತು ಎಂದು ತಲೆನೋವನ್ನು ಕಡೆಗಣಿಸುವಂತಿಲ್ಲ, ಏಕೆಂದರೆ ಹೆರಿಗೆಯ ನಂತರವೂ, 6 ವಾರದವರೆಗೆ, ಒತ್ತಡ ಹೊಸದಾಗಿ ಏರಬಹುದು.

ಪ್ರಶ್ನೆ: ಡಾಕ್ಟರಮ್ಮನವರಿಗೆ ನಮಸ್ಕಾರ. ಮಗಳಿಗೆ ಆಪರೇಷನ್ ಮಾಡಿ ಮಗು ತೆಗೆದು ಇಂದಿಗೆ ಹನ್ನೆರಡು ದಿನ. ಬಾಣಂತನಕ್ಕೆ ನಮ್ಮ ಮನೆಗೇ ಬಂದಿದ್ದಾಳೆ. ಹಸಿಮೈಗೆ ನೀರು ಹೆಚ್ಚು ಕೊಟ್ಟರೆ ಹೊಟ್ಟೆ ಬರುತ್ತದೆ, ತರಕಾರಿ ತಿಂದರೆ ನಂಜಾಗುತ್ತದೆ ಎಂದು ನಾವು ಪಥ್ಯ ಮಾಡಿಸಿದರೆ ಅವಳು ಒಪ್ಪುವುದಿಲ್ಲ. ಹಂಡೆ ನೀರು ಎರೆಸಿಕೊಳ್ಳಲೂ ಸಾಂಬ್ರಾಣಿ ಹೊಗೆ ಹಿಡಿಸಿಕೊಳ್ಳಲೂ ಹೆದರುತ್ತಾಳೆ. ಬೆಲ್ಟು ತರಿಸಿ ಕೊಡಿ ಎನ್ನುತ್ತಾಳೆ. ನಮ್ಮ ಕಾಲದವರು ಹೀಗೆ ಮಾಡಿಯೇ ಗಟ್ಟಿಯಾಗಿದ್ದೇವಲ್ಲವೇ? (ಪಾಂಡವಪುರ ತಾಲ್ಲೂಕು)

ಉತ್ತರ: ಅಮ್ಮಾ, ಹೆತ್ತವಳಿಗೆ ಮೂರು ತಿಂಗಳು ಕಸ ಮುಸುರೆ ಮುಟ್ಟಗೊಡದೆ, ಹೊತ್ತು ಹೊತ್ತಿಗೆ ಬಿಸಿಯೂಟ ಬಡಿಸಿ, ಮೈಗೆ ಎಣ್ಣೆ ತಿಕ್ಕಿ ಮಲಗಿಸುವ ನಿಮ್ಮಂಥವರ ಬಾಣಂತನಕ್ಕೆ ಸಮನಾದ ಉಪಚಾರವನ್ನು ಯಾವ ಆಸ್ಪತ್ರೆಯೂ ಕೊಡಲಾರದು. ಅದನ್ನು ಹಾಗೆಯೇ ಉಳಿಸಿಕೊಳ್ಳಿ. ಆದರೆ ಕೆಲವು ಮಾತುಗಳನ್ನು ನಾನು ಒಪ್ಪಲಾರೆ, ಅವುಗಳಲ್ಲಿ ಮೊದಲನೆಯದು ನೀರಿನದು.

ನನ್ನ ಮೊದಲ ಬಾಣಂತನದಲ್ಲಿ ನನ್ನ ತಾಯಿಯೂ ದಿನಕ್ಕೆ ಎರಡು ಲೋಟಕ್ಕಿಂತ ಹೆಚ್ಚು ನೀರು ಕೊಡಲಿಲ್ಲ. ಓದಿ ವೈದ್ಯೆಯಾಗಿದ್ದ ನಾನು, ಹಗಲಿರುಳು ನನಗಾಗಿ ದುಡಿಯುತ್ತಿದ್ದ ಆ ಜೀವಕ್ಕೆ ಎದುರಾಡಲಾಗದೆ, ಮಗು ಎದೆಗೆ ಬಾಯಿ ಹಾಕಿದಾಗಲೆಲ್ಲ ಗಂಟಲು ಒಣಗಿ ಅಂಟಿಕೊಳ್ಳುವುದನ್ನು ಸಹಿಸಿಕೊಂಡು ಮಲಗಿದ್ದೆ. ಮೂತ್ರದ ಸೋಂಕಾಗಿ ಜ್ವರ ಬಂದ ಮೇಲೆ ಅವರೇ ಕಣ್ಣೀರು ಹಾಕಿದರು. ಎರಡನೆಯ ಬಾಣಂತನದಲ್ಲಿ ನನ್ನ ತಲೆದಿಂಬಿನ ಬಳಿ ಕಾಯಿಸಿ ಆರಿಸಿದ ನೀರಿನ ಚೊಂಬು ಬರಿದಾಗದಂತೆ ನೋಡಿಕೊಂಡವರೂ ಅವರೇ. ಹೊಟ್ಟೆ ಉಬ್ಬಿ ಕಾಣುವುದು ಒಂಬತ್ತು ತಿಂಗಳು ಹಿಗ್ಗಿದ ಸ್ನಾಯು ಇನ್ನೂ ಸಡಿಲವಾಗಿರುವುದರಿಂದಲೇ ಹೊರತು ಕುಡಿದ ನೀರಿನಿಂದ ಅಲ್ಲ. ಕುಡಿದ ನೀರು ಹಾಲಿಗೆ, ಮೂತ್ರಕ್ಕೆ, ಬೆವರಿಗೆ ಸೇರುತ್ತದೆ. ಅದು ಸಾಲದೆ ಹೋದರೆ ಮಲ ಗಟ್ಟಿಯಾಗಿ, ತಿಣುಕುವಾಗಲೆಲ್ಲ ಹೊಟ್ಟೆಯ ಹೊಲಿಗೆ ಜಗ್ಗುತ್ತದೆ. ಪ್ರತಿ ಸಲ ಹಾಲುಣಿಸಲು ಕುಳಿತಾಗ ಒಂದು ದೊಡ್ಡ ಲೋಟ ನೀರು ಕೈಗಿಡಿ. ಕಾಯಿಸಿ ಕೊಡಬೇಕೆಂದು ನಿಮ್ಮ ಮನಸ್ಸಿಗಿದ್ದರೆ ಧಾರಾಳವಾಗಿ ಕಾಯಿಸಿಯೇ ಕೊಡಿ.

ಊಟದ ವಿಷಯಕ್ಕೆ ಬಂದರೆ, ಹಾಲುಣಿಸುವ ತಾಯಿಗೆ ಮೊದಲ 6 ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚಿಗೆ ಬೇಕು. ಬರಿಯ ಮೆಣಸಿನ ಸಾರು, ಅನ್ನ, ತುಪ್ಪದಿಂದ ಕ್ಯಾಲೊರಿ ಬಂದೀತು, ಗಾಯ ಮಾಯಲು ಬೇಕಾದ ಪ್ರೋಟೀನು ಬಾರದು. ಕತ್ತರಿಸಿದ ಜಾಗ ಕೀವುಗಟ್ಟುವುದು ಕೊಳೆಯಿಂದ, ಸೋಂಕಿನಿಂದ. ಬದನೆಕಾಯಿಯಿಂದಲೋ ಕುಂಬಳಕಾಯಿಯಿಂದಲೋ ಅಲ್ಲ. ಸಬ್ಬಸಿಗೆ, ಮೆಂತ್ಯ, ನುಗ್ಗೆಸೊಪ್ಪು, ಬೇಳೆ, ರಾಗಿಮುದ್ದೆ, ಮೊಟ್ಟೆ, ನೀವು ತಿನ್ನುವವರಾದರೆ ಕೋಳಿಸಾರು, ಎರಡು ಹೊತ್ತು ಹಾಲು, ಹಣ್ಣು, ಎಲ್ಲವನ್ನೂ ಕೊಡಿ. ಅಂಟಿನುಂಡೆಯನ್ನೂ ಕೊಬ್ಬರಿ ಬೆಲ್ಲವನ್ನೂ ಬಿಡಬೇಕಾಗಿಲ್ಲ. ಮಾತೃಪೂರ್ಣ ಯೋಜನೆ 2017ರಲ್ಲಿ ರಾಜ್ಯದಾದ್ಯಂತ ಆರಂಭವಾದದ್ದು ಬಾಣಂತಿಗೂ ಗರ್ಭಿಣಿಗೂ ಇಂಥ ಪೂರ್ಣ ಊಟ ಸಿಗಲೆಂದೇ. ನಿಮ್ಮೂರಿನ ಅಂಗನವಾಡಿಯಲ್ಲಿ ಮಗಳ ಹೆಸರು ಬರೆಸಿ.

ಸ್ನಾನ ಬೇಕು, ಆದರೆ ಸುಡುವ ಹಂಡೆ ನೀರನ್ನು ಹೊಟ್ಟೆಯ ಗಾಯದ ಮೇಲೆ ರಭಸವಾಗಿ ಹೊಡೆಯುವುದು ಬೇಡ. ರಕ್ತ ಕಡಿಮೆಯಾಗಿರುವ ಬಾಣಂತಿ ಬಿಸಿ ಹಬೆ ತುಂಬಿದ ಬಚ್ಚಲಲ್ಲಿ ತಲೆ ಸುತ್ತಿ ಬೀಳಬಹುದು. ಬೆಚ್ಚಗಿನ ನೀರು ಎರೆದು, ಗಾಯವನ್ನು ಶುಭ್ರವಾದ ಬಟ್ಟೆಯಿಂದ ಒತ್ತಿ ಒರೆಸಿ ಒಣಗಿಸಿ. ಅಲ್ಲಿಗೆ ಎಣ್ಣೆಯನ್ನಾಗಲಿ ಅರಿಸಿನವನ್ನಾಗಲಿ ಹಚ್ಚಬೇಡಿ. ಹೊಗೆಯನ್ನು ದಯವಿಟ್ಟು ನಿಲ್ಲಿಸಿ. ಮುಚ್ಚಿದ ಕೋಣೆಯ ಹೊಗೆಯನ್ನು ಹನ್ನೆರಡು ದಿನದ ಹಸುಗೂಸಿನ ಶ್ವಾಸಕೋಶ ತಾಳಲಾರದು. ಕಿವಿಗೆ ಹತ್ತಿ, ತಲೆಗೆ ಬಟ್ಟೆ ಕಟ್ಟುವುದರಿಂದ ಯಾರಿಗೂ ಕೆಡುಕಿಲ್ಲ, ಅದನ್ನು ಮುಂದುವರಿಸಬಹುದು.

ನೀವು ಹಳೆಯ ಸೀರೆಯಿಂದ ಹೊಟ್ಟೆ ಕಟ್ಟುತ್ತಿದ್ದದ್ದೂ ಮಗಳು ಕೇಳುತ್ತಿರುವ ಬೆಲ್ಟೂ ಮಾಡುವ ಕೆಲಸ ಒಂದೇ. ಆಪರೇಷನ್ ಆದವಳಿಗೆ ಎದ್ದು ಓಡಾಡುವಾಗ, ಕೆಮ್ಮುವಾಗ ಅದು ಆಸರೆಯಾಗಿ ನೋವನ್ನು ತಗ್ಗಿಸುತ್ತದೆ. ಹೊಟ್ಟೆ ಕರಗಿಸುವ ಶಕ್ತಿ ಎರಡಕ್ಕೂ ಇಲ್ಲ. ಉಸಿರು ಕಟ್ಟುವಷ್ಟು ಬಿಗಿಯದೆ, ಮಲಗುವಾಗ ಬಿಚ್ಚಿಟ್ಟು ಬಳಸಲಿ. ಹಗಲಲ್ಲಿ ಅಂಗಳದವರೆಗೆ ನಿಧಾನವಾಗಿ ನಡೆಯಲು ಬಿಡಿ. ಹಾಸಿಗೆಯಲ್ಲೇ ಬಿದ್ದಿದ್ದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯವುಂಟು.

ಪ್ರಶ್ನೆ: ಮಗುವಿಗೆ ಒಂಬತ್ತು ದಿನ. ಎಷ್ಟು ಕುಡಿಸಿದರೂ ಅಳುತ್ತದೆ. ಹಾಲು ಸಾಲುತ್ತಿಲ್ಲ, ಡಬ್ಬಿ ಪುಡಿ ತರಿಸೋಣ ಎಂದು ಅತ್ತೆಯವರು ಹೇಳುತ್ತಾರೆ. ಮೊಲೆತೊಟ್ಟು ಒಡೆದು ರಕ್ತ ಬರುತ್ತಿದೆ. ಪಂಪು, ಕ್ರೀಮು ಕೊಳ್ಳಲೇ? (ಮಂಡ್ಯ)

ಉತ್ತರ: ತೊಟ್ಟು ಒಡೆದಿದೆ ಎಂದಿರಲ್ಲ, ನಿಮ್ಮ ತೊಂದರೆಯ ಮೂಲ ಅಲ್ಲಿರಬಹುದು. ಮಗು ತೊಟ್ಟನ್ನಷ್ಟೇ ಚೀಪಿದರೆ ನಿಮಗೆ ಗಾಯ, ಅದಕ್ಕೆ ಅರೆಹೊಟ್ಟೆ. ಮಗುವಿನ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗುವಂತೆ ತಿರುಗಿಸಿ ಹಿಡಿದು, ಬಾಯಿ ಆಕಳಿಸಿದಷ್ಟು ಅಗಲವಾಗಿ ತೆರೆದಾಗ ಎದೆಗೆ ತನ್ನಿ. ಗದ್ದ ಎದೆಗೆ ಒತ್ತಿಕೊಂಡು, ಕೆಳತುಟಿ ಹೊರಕ್ಕೆ ಮಡಚಿ, ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಬಹುಪಾಲು ಬಾಯೊಳಗೆ ಹೋಗಿರಬೇಕು. ಹೀಗೆ ಹಿಡಿದರೆ ಎಳೆತ ತಿಳಿಯುತ್ತದೆ, ನೋವು ನಿಲ್ಲುತ್ತದೆ. ಕುಡಿಸಿದ ಮೇಲೆ ನಿಮ್ಮದೇ ಹಾಲಿನ ಎರಡು ಹನಿಯನ್ನು ತೊಟ್ಟಿಗೆ ಸವರಿ ಗಾಳಿಗೆ ಒಣಗಲು ಬಿಡಿ. ಲ್ಯಾನೊಲಿನ್ ಕ್ರೀಮು ಹಚ್ಚಿದರೂ ಸರಿಯೇ, ಆದರೆ ಹಿಡಿತ ತಿದ್ದದೆ ಎಷ್ಟು ಕ್ರೀಮು ಹಚ್ಚಿದರೂ ಗಾಯ ಮತ್ತೆ ಆಗುತ್ತದೆ. ಎರಡು ದಿನದಲ್ಲಿ ಸುಧಾರಿಸದಿದ್ದರೆ ಹೆರಿಗೆಯಾದ ಆಸ್ಪತ್ರೆಯ ದಾದಿಯರ ಮುಂದೆ ಒಮ್ಮೆ ಕುಡಿಸಿ ತೋರಿಸಿ.

ಹಾಲು ಸಾಲುತ್ತಿದೆಯೇ ಎಂಬುದಕ್ಕೆ ಅಳು ಅಳತೆಯಲ್ಲ. 5ನೆಯ ದಿನದಿಂದಾಚೆಗೆ 24 ಗಂಟೆಯಲ್ಲಿ 6 ಅಥವಾ ಅದಕ್ಕಿಂತ ಹೆಚ್ಚು ಸಲ ಮೂತ್ರ ಮಾಡುತ್ತಿದ್ದರೆ, ಮೊದಲ ದಿನಗಳಲ್ಲಿ ಇಳಿದ ತೂಕ 10ರಿಂದ 14 ದಿನದೊಳಗೆ ಹುಟ್ಟಿದಾಗಿನ ಮಟ್ಟಕ್ಕೆ ಬಂದರೆ, ಹಾಲು ಸಾಕಾಗುತ್ತಿದೆ. ಹಾಗಾಗಿ ಈ ವಾರವೇ ತೂಕ ಮಾಡಿಸಿ. ಈ ವಯಸ್ಸಿನ ಕೂಸು ದಿನಕ್ಕೆ 8ರಿಂದ 12 ಸಲ ಕುಡಿಯುತ್ತದೆ, ಸಂಜೆ ಹೊತ್ತು ಬಿಟ್ಟೂಬಿಡದೆ ಕೇಳುವುದೂ ಸಹಜ. ಎದೆ ಬರಿದಾದಷ್ಟೂ ಹಾಲು ಊರುತ್ತದೆ. ಪುಡಿಹಾಲು ಕೊಟ್ಟ ಪ್ರತಿ ಹೊತ್ತೂ ಆ ಊರುವಿಕೆ ಅಷ್ಟಷ್ಟೇ ಕುಗ್ಗುತ್ತದೆ. ತೂಕ ಏರದೆ ಇದ್ದರೆ ಮಕ್ಕಳ ವೈದ್ಯರೇ ನಿರ್ಧರಿಸಬೇಕು. ಡಬ್ಬಿ ಹಾಲಿಗೂ ಬಾಟಲಿಗೂ ಜಾಹೀರಾತು ನೀಡುವುದನ್ನು 1992ರ ಕಾನೂನು ನಮ್ಮ ದೇಶದಲ್ಲಿ ನಿಷೇಧಿಸಿರುವುದು, ನಿಮ್ಮ ಅತ್ತೆಯವರಂತೆ ಮೊಮ್ಮಗುವಿನ ಹಸಿವಿಗೆ ಕಳವಳಪಡುವವರನ್ನು ಯಾರೂ ದಾರಿ ತಪ್ಪಿಸಬಾರದೆಂದೇ. ಅವರ ಕಳವಳ ನಿಜವಾದದ್ದು. ತೂಕದ ಚೀಟಿಯನ್ನು ಅವರ ಕೈಗೇ ಕೊಡಿ.

ಗಾಯ ಮಾಯುವವರೆಗೆ ಒಂದು ಕಡೆಯ ಹಾಲನ್ನು ತೆಗೆಯಬೇಕಾದರೆ ಕುದಿಸಿದ ಸ್ಟೀಲ್ ಬಟ್ಟಲಿಗೆ ಕೈಯಿಂದ ಹಿಂಡಿ, ಮನೆಯಲ್ಲಿರುವ ಒಳಲೆಯನ್ನೂ ಕುದಿಸಿ ಅದರಲ್ಲೇ ಕುಡಿಸಿ. ತೆಗೆದ ಹಾಲು ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ ಕೆಡದೆ ಇರುತ್ತದೆ. ಮಂಡ್ಯದ ಬೇಸಿಗೆಯಲ್ಲಿ ಕೋಣೆಯ ಲೆಕ್ಕವನ್ನು ಇನ್ನೂ ಕಡಿಮೆ ಮಾಡಿಕೊಳ್ಳಿ. ಎದೆಯ ಒಂದು ಭಾಗ ಕೆಂಪಾಗಿ ಗಟ್ಟಿಯಾಗಿ ಜ್ವರ ಬಂದರೆ ಕುಡಿಸುವುದನ್ನು ನಿಲ್ಲಿಸದೆ ಅದೇ ದಿನ ವೈದ್ಯರನ್ನು ಕಾಣಿರಿ.

ಪ್ರಶ್ನೆ: ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ಮೊದಲ ಹೆರಿಗೆ. ರಜೆ ಎಷ್ಟು ಸಿಗುತ್ತದೆ? ಮನೆಗೆ ಯಾರಾದರೂ ಬಂದು ನೋಡುವ ವ್ಯವಸ್ಥೆ ಇದೆಯೇ? (ಮದ್ದೂರು)

ಉತ್ತರ: 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ ಮೊದಲ ಎರಡು ಹೆರಿಗೆಗಳಿಗೆ ಸಂಬಳಸಹಿತ 26 ವಾರಗಳ ರಜೆಯನ್ನು ನಿಗದಿ ಮಾಡಿತು. 2025ರ ನವೆಂಬರಿನಲ್ಲಿ ಆ ಕಾಯ್ದೆಯ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೇ ನಿಯಮವಿದೆ. ಕೆಲಸಕ್ಕೆ ಮರಳಿದ ಮೇಲೆ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಾರಿ ಹಾಲುಣಿಸಲು ಬಿಡುವು, 50 ಅಥವಾ ಹೆಚ್ಚು ಕೆಲಸಗಾರರಿರುವಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದೂ ಅದು ಹೇಳುತ್ತದೆ. ಅರ್ಜಿಯನ್ನು ಬರವಣಿಗೆಯಲ್ಲೇ ಕೊಟ್ಟು ಪ್ರತಿ ಇಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೆಯ ದಿನ ಭೇಟಿ ಕೊಡಬೇಕೆಂಬ ನಿಯಮವಿದೆ. ಹೆರಿಗೆಗೆ ಬೇರೆ ಊರಿಗೆ ಹೋಗುವುದಾದರೆ ತಾಯಿ ಕಾರ್ಡನ್ನು ಜೊತೆಗೆ ಒಯ್ದು, ಅಲ್ಲಿನ ಆಶಾ ಅವರಿಗೆ ಮೊದಲೇ ತಿಳಿಸಿ. ಇಲ್ಲವಾದರೆ ಎರಡೂ ಊರಿನ ಲೆಕ್ಕದಿಂದ ನೀವು ತಪ್ಪಿಹೋಗುತ್ತೀರಿ.

ಪ್ರಶ್ನೆ: ನನ್ನ ಅಕ್ಕನಿಗೆ ಹೆರಿಗೆಯಾಗಿ ಇಪ್ಪತ್ತನಾಲ್ಕು ದಿನ. ಮಗು ಮಲಗಿದ್ದರೂ ಅವಳಿಗೆ ನಿದ್ದೆಯಿಲ್ಲ. ಮಗುವನ್ನು ಎತ್ತಿಕೊಳ್ಳಲು ಮನಸ್ಸು ಬರುತ್ತಿಲ್ಲ, ನಾನು ಕೆಟ್ಟ ತಾಯಿ ಎಂದು ಅಳುತ್ತಾಳೆ. ದೃಷ್ಟಿಯಾಗಿದೆ ಎಂದು ಮನೆಯವರು ತಾಯಿತ ಕಟ್ಟಿಸಿದ್ದಾರೆ. ನಾನೇನು ಮಾಡಲಿ? (ನಂಜನಗೂಡು)

ಉತ್ತರ: ನೀವು ಬರೆದದ್ದು ಬಹಳ ಒಳ್ಳೆಯದಾಯಿತು, ತಂಗಿ. ಹೆರಿಗೆಯಾದ ಮೂರನೆಯ ನಾಲ್ಕನೆಯ ದಿನದಿಂದ ಕಾರಣವಿಲ್ಲದೆ ಅಳು ಬರುವುದು, ಸಿಡುಕುವುದು ಬಹುಪಾಲು ತಾಯಂದಿರಲ್ಲಿ ಕಾಣುವಂಥದ್ದು; ಅದು ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ಎರಡು ವಾರ ದಾಟಿಯೂ ಉಳಿದು, ಮಗು ಮಲಗಿದಾಗಲೂ ನಿದ್ದೆ ಬಾರದೆ, ತಪ್ಪಿತಸ್ಥ ಭಾವ ಕಾಡುತ್ತಿದ್ದರೆ ಅದು ಪ್ರಸವಾನಂತರದ ಖಿನ್ನತೆಯಾಗಿರಬಹುದು. ಅದು ಚಿಕಿತ್ಸೆಗೆ ಒಗ್ಗುವ ಕಾಯಿಲೆ. ಅಕ್ಕನ ಗುಣಕ್ಕೂ ಪ್ರೀತಿಗೂ ಅದರಿಂದ ಕುಂದಿಲ್ಲ ಎಂಬುದನ್ನು ಅವರಿಗೆ ನೀವೇ ಬಾಯಿಬಿಟ್ಟು ಹೇಳಿ. ತಾಯಿತವನ್ನು ಬಿಚ್ಚಿಸಬೇಕೆಂದು ಮನೆಯವರೊಡನೆ ಜಗಳವಾಡಬೇಡಿ. ಅದು ಇರಲಿ, ವೈದ್ಯರ ಬಳಿಗೂ ಹೋಗೋಣ ಎನ್ನಿ.

ಟೆಲಿ ಮನಸ್ ಸಹಾಯವಾಣಿಯ 14416 ಸಂಖ್ಯೆಗೆ ದಿನದ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ನೀಡುವ ಘಟಕವೇ ಇದೆ. ಈ ವಾರ ಕಳೆಯುವುದರೊಳಗೆ ಅಕ್ಕನನ್ನು ಕರೆದೊಯ್ಯಿರಿ. ಅಲ್ಲಿಯವರೆಗೆ ಒಂದು ರಾತ್ರಿಯಾದರೂ ಮಗುವನ್ನು ನೀವು ನೋಡಿಕೊಂಡು, ಅವರು ನಾಲ್ಕೈದು ಗಂಟೆ ಒಂದೇ ಸಮನೆ ಮಲಗುವಂತೆ ಮಾಡಿ.

ಆದರೆ ಇಲ್ಲದ ಧ್ವನಿ ಕೇಳಿಸುತ್ತದೆ ಎಂದರೆ, ಮನೆಯವರ ಮೇಲೆ ವಿಪರೀತ ಸಂಶಯಪಟ್ಟರೆ, ಹಿಂದಿನವರು ಬಾಣಂತಿ ಸನ್ನಿ ಎನ್ನುತ್ತಿದ್ದ ರೀತಿಯಲ್ಲಿ ದಿಕ್ಕುತಪ್ಪಿ ಮಾತನಾಡಿದರೆ, ತನಗೆ ಅಥವಾ ಮಗುವಿಗೆ ಏನಾದರೂ ಮಾಡಿಕೊಳ್ಳುವ ಮಾತು ಒಮ್ಮೆ ಬಂದರೂ, ಅವರನ್ನಾಗಲಿ ಮಗುವನ್ನಾಗಲಿ ಕ್ಷಣವೂ ಒಂಟಿಯಾಗಿ ಬಿಡದೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೊರಡಿ. ಹೋಗುವಾಗ ಮಗುವನ್ನೂ ಕರೆದುಕೊಂಡು ಹೋಗಿ, ಹಾಲುಣಿಸುತ್ತಿದ್ದಾರೆಂದು ಮೊದಲೇ ತಿಳಿಸಿ. ಹಾಲು ಬಿಡಿಸದೆ ಕೊಡಬಹುದಾದ ಔಷಧಿಗಳಿವೆ.